ಬೀಜ ಬಿತ್ತುವ ಪಾರಿವಾಳ, ಬೀಜ ಅರೆಯುವ ಪಾರಿವಾಳ

ನಿಕೋಬಾರ್ ದ್ವೀಪಗಳ ಕಾಡಿನಲ್ಲಿ ಹೆಚ್ಚುಕಡಿಮೆ 40 ಸೆಂ.ಮೀ. ಉದ್ದದ ಎರಡು ಪಾರಿವಾಳಗಳಿವೆ. ಕಪ್ಪು-ಬಿಳುಪು ಇಂಪೀರಿಯಲ್ ಪಾರಿವಾಳದ ವಾಸ ಮರದ ನೆತ್ತಿಯಲ್ಲಿ. ಮೈ ಕೆನೆಬಿಳುಪು, ರೆಕ್ಕೆಯ ಹಾರುಗರಿ ಮತ್ತು ಬಾಲದ ತುದಿ ಕಪ್ಪು. ದೂರದಿಂದಲೇ ಗುರುತು ಸಿಗುತ್ತದೆ. ನಿಕೋಬಾರ್ ಪಾರಿವಾಳ ಮೇಯುವುದು ನೆಲದಲ್ಲಿ. ನೆರಳಿನಲ್ಲಿ ಬರೀ ಕಪ್ಪಾಗಿ ಕಾಣುವ ಈ ಹಕ್ಕಿ ಬಿಸಿಲು ತಾಗಿದರೆ ಹಸಿರು, ತಾಮ್ರ, ನೀಲಿಯಾಗಿ ಹೊಳೆಯುತ್ತದೆ. ಕೊರಳಿನ ನೀಳ ಗರಿಗಳು ಹುಂಜದ ಕೊರಳಿನಂತೆ ಇಳಿಬಿದ್ದಿರುತ್ತವೆ. ಮೋಟು ಬಾಲ ಅಚ್ಚ ಬಿಳಿ. ಎಳೆಯ ಹಕ್ಕಿಗಳಲ್ಲಿ ಮಾತ್ರ ಅದು ಕಪ್ಪು.

ಬಣ್ಣಕ್ಕಿಂತ ದೊಡ್ಡ ವ್ಯತ್ಯಾಸವಿರುವುದು ಹೊಟ್ಟೆಯಲ್ಲಿ. ಇಂಪೀರಿಯಲ್ ಪಾರಿವಾಳ ಬಾಯಿ ಅಗಲಿಸಿ ದೊಡ್ಡ ಹಣ್ಣನ್ನೂ ಇಡಿಯಾಗಿ ನುಂಗುತ್ತದೆ. ಕಾಡು ಜಾಯಿಕಾಯಿ ನುಂಗಿದರೆ ಅದರ ಪತ್ರೆಯಷ್ಟೇ ಜೀರ್ಣವಾಗುತ್ತದೆ, ಬೀಜ ಕೆಡದೆ ತಾಯಿಮರದಿಂದ ದೂರ ಬೀಳುತ್ತದೆ. ಸಹ್ಯಾದ್ರಿಯಲ್ಲಿರುವ ಇನ್ನೊಂದು ಜಾತಿಯ ಇಂಪೀರಿಯಲ್ ಪಾರಿವಾಳವೂ ಅಲ್ಲಿನ ಮರಗಳಿಗೆ ಇದೇ ಉಪಕಾರ ಮಾಡುತ್ತದೆ. ನಿಕೋಬಾರ್ ಪಾರಿವಾಳ ತರಗೆಲೆ ಕೆದಕಿ, ಉದುರಿದ ಬೀಜ ಹೆಕ್ಕುತ್ತದೆ. ಅದರ ಜಠರದ ಸ್ನಾಯು ದಪ್ಪ; ಒಳಗಿನ ಕಲ್ಲಿನ ನೆರವಿನಿಂದ ಗಟ್ಟಿ ಬೀಜವೂ ಪುಡಿಯಾಗುತ್ತದೆ. ಅರೆದ ಬೀಜ ಮೊಳೆಯುವುದಿಲ್ಲ. ಅಳಿದುಹೋದ ಮಾರಿಷಸ್ಸಿನ ಡೋಡೋ ಹೊಟ್ಟೆಯಲ್ಲೂ ಇಂಥ ಕಲ್ಲಿತ್ತು. ಬದುಕಿರುವ ಹಕ್ಕಿಗಳಲ್ಲಿ ಡೋಡೋಗೆ ತೀರ ಹತ್ತಿರದ ನೆಂಟ ನಿಕೋಬಾರ್ ಪಾರಿವಾಳವೇ ಎಂದು 2002ರ ಡಿಎನ್‌ಎ ಅಧ್ಯಯನ ತೋರಿಸಿತು. ಹೊಳೆಯುವ ಗರಿಗಳಿಗಿಂತ ಈ ನೆಂಟಸ್ತಿಕೆಯೇ ಈ ಹಕ್ಕಿಯ ನಿಜವಾದ ಸೋಜಿಗ.

ಡೋಡೋ ಹಾರುವುದನ್ನು ಬಿಟ್ಟಿತ್ತು, ನಿಕೋಬಾರ್ ಪಾರಿವಾಳ ಬಿಟ್ಟಿಲ್ಲ. ಗುಂಪುಗುಂಪಾಗಿ ಕಡಲು ದಾಟಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ. ನಿಕೋಬಾರಿನಿಂದ ಸಾಲೊಮನ್ ದ್ವೀಪಗಳವರೆಗೆ ಹರಡಿಕೊಂಡಿದೆ. ಇಂಪೀರಿಯಲ್ ಪಾರಿವಾಳವೂ ಹೀಗೆಯೇ ಕಡಲ ಮೇಲೆ ಓಡಾಡುವ ಹಕ್ಕಿ. ಎರಡೂ ಕಡ್ಡಿಗಳ ಸಡಿಲ ಗೂಡಿನಲ್ಲಿ ಒಂದೊಂದೇ ಮೊಟ್ಟೆಯಿಡುತ್ತವೆ.

ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂಪೀರಿಯಲ್ ಪಾರಿವಾಳಕ್ಕೆ ಸದ್ಯ ಆತಂಕವಿಲ್ಲ. ನಿಕೋಬಾರ್ ಪಾರಿವಾಳ ಅಪಾಯದ ಅಂಚಿಗೆ ಬಂದಿದೆ. ಮಾಂಸಕ್ಕೂ, ಪಂಜರದಲ್ಲಿ ಸಾಕುವುದಕ್ಕೂ ಅದನ್ನು ಹಿಡಿಯುತ್ತಾರೆ. ಹೊಟ್ಟೆಯ ಕಲ್ಲಿನಿಂದ ಆಭರಣ ಮಾಡುವುದೂ ಉಂಟು. ಅದು ಗುಂಪಾಗಿ ಗೂಡು ಕಟ್ಟುವುದು ಪುಟ್ಟ ದ್ವೀಪಗಳಲ್ಲಿ. ಅಂಥ ಕಡೆ ಇಲಿ, ಬೆಕ್ಕು ಕಾಲಿಟ್ಟರೆ, ಅಥವಾ ಕಾಡು ಕಡಿದು ತೆಂಗು ನೆಟ್ಟರೆ, ಅದಕ್ಕೆ ಮರಿ ಮಾಡುವ ಜಾಗವೇ ಇಲ್ಲದಂತಾಗುತ್ತದೆ.