ವ್ಯಂಗ್ಯಚಿತ್ರಕಾರರ ರುಜುವುಳ್ಳ ಪುಸ್ತಕಗಳು: ಸಂಗ್ರಹಕ್ರಮವನ್ನು ಕುರಿತು ಒಂದು ವಿಮರ್ಶೆ

ಗ್ರಂಥಕರ್ತರ ರುಜುವಿರುವ ಪುಸ್ತಕಗಳನ್ನು ಕೂಡಿಡುವ ಹವ್ಯಾಸವು ನಮ್ಮಲ್ಲಿಯೂ ಬೇರೂರಿದೆ. ಇವುಗಳ ನಡುವೆ ಪತ್ರಿಕಾ ವ್ಯಂಗ್ಯಚಿತ್ರಕಾರರ ಪುಸ್ತಕಗಳದು ಪ್ರತ್ಯೇಕವಾದ ವರ್ಗ. ಕಾದಂಬರಿಯು ಸಾಮಾನ್ಯವಾಗಿ ಪುಸ್ತಕವಾಗಲೆಂದೇ ರಚಿತವಾಗುತ್ತದೆ. ವ್ಯಂಗ್ಯಚಿತ್ರವಾದರೋ ಪತ್ರಿಕೆಯಲ್ಲಿ ಅಚ್ಚಾಗಿ, ಮರುದಿನವೇ ದಿನಸಿ ಅಂಗಡಿಯ ಪೊಟ್ಟಣವಾಗಬಹುದು. ಹಲವು ವರ್ಷಗಳ ದುಡಿಮೆಯಲ್ಲಿ ಆಯ್ದ ಕೆಲವು ಮಾತ್ರ ಪುಸ್ತಕರೂಪವನ್ನು ಪಡೆಯುತ್ತವೆ. ಅಂತಹ ಪುಸ್ತಕದ ಮೇಲೆ ಚಿತ್ರಕಾರನು ಸ್ವಹಸ್ತದಿಂದ ಬರೆದದ್ದು ಇತಿಹಾಸದ ವಿದ್ಯಾರ್ಥಿಗೆ ಆಧಾರಸಾಮಗ್ರಿಯೇ ಸರಿ. ಆದರೆ ಸಂಗ್ರಾಹಕರು ಅದಕ್ಕೆ ಬೆಲೆಕಟ್ಟುವ ರೀತಿಯನ್ನು ನಾವು ಒಪ್ಪಲಾರೆವು.

ಬರಿಯ ರುಜುವುಳ್ಳ ಪ್ರತಿ ಶ್ರೇಷ್ಠ, ಅಪರಿಚಿತನೊಬ್ಬನ ಹೆಸರಿಗೆ ಒಕ್ಕಣೆ ಬರೆದುಕೊಟ್ಟ ಪ್ರತಿ ಕನಿಷ್ಠ ಎಂಬುದು ಹಲವರ ಮತ. ಆ ಹೆಸರನ್ನು ಕೆರೆದು ಅಳಿಸುವವರೂ ಉಂಟು. ಶಾಸನಗಳನ್ನು ಓದಿ ಬಲ್ಲವರಿಗೆ ಇದು ವಿಪರೀತವೆಂದು ತೋರದಿರದು. ದಾನಶಾಸನದಲ್ಲಿ ನಾವು ಹುಡುಕುವುದೇನು? ಕೊಟ್ಟವರಾರು, ಪಡೆದವರಾರು, ಎಂದು, ಎಲ್ಲಿ ಎಂಬುದನ್ನೇ ಅಲ್ಲವೇ? ಬಿ.ಟಿ.ಎಂ. ಬಡಾವಣೆಯಿಂದ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದ ಶಾಸನವು ಸುಮಾರು ಕ್ರಿ.ಶ. 890ರದು. ಕಾಳಗವೊಂದರಲ್ಲಿ ಮಡಿದವನ ಸ್ಮರಣೆಗಾಗಿ ಅದನ್ನು ಬರೆಸಿದರು; ಆ ಪ್ರಸಂಗದಲ್ಲಿಯೇ ‘ಬೆಂಗಳೂರು’ ಎಂಬ ಹೆಸರು ನಮಗೆ ದೊರಕಿತು. ಪ್ರಸಿದ್ಧನಲ್ಲದವನ ಹೆಸರೆಂದು ಯಾರಾದರೂ ಆ ಪಂಕ್ತಿಗಳನ್ನು ಉಳಿಯಿಂದ ಕೆತ್ತಿಹಾಕಿದ್ದರೆ ನಗರದ ಇತಿಹಾಸದ ಗತಿಯೇನಾಗುತ್ತಿತ್ತು?

ವ್ಯಂಗ್ಯಚಿತ್ರಕಾರನ ರುಜುವಿನಲ್ಲಿ ಇನ್ನೊಂದು ತೊಡಕುಂಟು. ಅದು ಚಿತ್ರದ ಅಂಗವಾಗಿ ಪ್ರತಿಯೊಂದು ಪುಟದಲ್ಲಿಯೂ ಅಚ್ಚಾಗಿರುತ್ತದೆ. ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ಬಾಲ್ಯದಲ್ಲಿ ‘ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಅವರ ಚಿತ್ರಗಳಿಗೆ ಮಾರುಹೋಗಿದ್ದರು; ‘ಲೋ’ ಎಂಬ ಆ ರುಜುವನ್ನು ಬಹುಕಾಲ ‘ಕೌ’ ಎಂದೇ ಓದುತ್ತಿದ್ದರಂತೆ! ಅಚ್ಚಿನ ರುಜು ಓದುಗನಿಗೆ ಮುಟ್ಟುವ ಬಗೆ ಹೀಗೆ. ಲೇಖನಿಯ ರುಜುವನ್ನು ಇದರಿಂದ ಬೇರ್ಪಡಿಸಲು ಸಾಧಾರಣ ಭೂತಗನ್ನಡಿ ಸಾಕು. ಅಚ್ಚಿನ ಮಸಿ ಎಲ್ಲೆಡೆಯೂ ಸಮನಾಗಿರುತ್ತದೆ. ಲೇಖನಿಯ ಶಾಯಿ ಕಾಗದದ ಎಳೆಗಳೊಳಕ್ಕೆ ಇಳಿಯುತ್ತದೆ, ಗೆರೆಯ ಮೇಲೆ ಗೆರೆ ಹಾದಲ್ಲಿ ದಟ್ಟವಾಗುತ್ತದೆ. ಬಾಲ್‌ಪೆನ್ನಿನ ಒತ್ತು ಹಾಳೆಯ ಹಿಂಬದಿಯಲ್ಲಿ ಬೆರಳಿಗೇ ತಿಳಿಯುತ್ತದೆ. ಒಕ್ಕಣೆಯ ಜೊತೆಗೆ ನಾಲ್ಕು ಗೆರೆಯ ಚಿತ್ರವೊಂದಿದ್ದರಂತೂ ಅದು ಬೇರೆಲ್ಲಿಯೂ ಅಚ್ಚಾಗದ ಸ್ವತಂತ್ರ ಕೃತಿ.

ಆದರೆ ಪುಸ್ತಕವನ್ನೇ ನಿಯಮವಾಗಿ ಹಿಡಿದರೆ ಕನ್ನಡಕ್ಕೆ ಹೆಚ್ಚಿನ ನಷ್ಟವುಂಟು. ‘ರಾಶಿ’ ಎಂದು ಹೆಸರಾದ ಡಾಕ್ಟರ್ ಎಂ. ಶಿವರಾಂ ಅವರು ಬೆಂಗಳೂರಿನಲ್ಲಿ 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯು 1967ರವರೆಗೆ ನಡೆಯಿತು. ಲಕ್ಷ್ಮಣರ ಆರಂಭದ ಚಿತ್ರಗಳು ಬಂದುದು ಈ ಮಾಸಪತ್ರಿಕೆಯಲ್ಲಿ. ಅದರ ಲೇಖಕರ ಬರಹಗಳು ಎಷ್ಟೋ ಸಂಕಲನಗಳಾಗಿ ಬಾಳಿದುವು. ಚಿತ್ರಗಳು ಬಹುಮಟ್ಟಿಗೆ ಸಂಚಿಕೆಗಳಲ್ಲಿಯೇ ನಿಂತುವು. ಲಕ್ಷ್ಮಣರು ಮುಂದೆ ಮುಂಬಯಿಯಲ್ಲಿ ಕೀರ್ತಿವಂತರಾದುದರಿಂದ ಅವರ ರುಜುವಿಗೆ ಗಿರಾಕಿಗಳುಂಟು. ಅವರೊಡನೆ ಅದೇ ಪುಟಗಳಲ್ಲಿ ಗೆರೆ ಎಳೆದವರ ಗತಿಯೇನು? ಮನೆಯವರು ವರ್ಷವರ್ಷದ ಸಂಚಿಕೆಗಳನ್ನು ಸೇರಿಸಿ ರಟ್ಟು ಹಾಕಿಸಿದ ಸಂಪುಟದಲ್ಲಿ ಅಂತಹ ಚಿತ್ರಕಾರನೊಬ್ಬನು ಸ್ನೇಹಕ್ಕಾಗಿ ಎರಡು ಸಾಲು ಬರೆದಿದ್ದರೆ, ಪ್ರಖ್ಯಾತರ ಹತ್ತು ಬರಿಯ ರುಜುಗಳಿಗಿಂತ ಅದನ್ನೇ ನಾವು ಮೇಲೆಂದು ಎಣಿಸುತ್ತೇವೆ.

ಬೆಂಗಳೂರಿನ ಮಾಯಾ ಕಾಮತರ ಸಂಗತಿಯೂ ಇಲ್ಲಿ ಸ್ಮರಣೀಯ. ರಾಜಕೀಯ ವ್ಯಂಗ್ಯಚಿತ್ರದಲ್ಲಿ ಮಹಿಳೆಯರು ತೀರ ವಿರಳವಾಗಿದ್ದ ಕಾಲದಲ್ಲಿ ಹೆಸರು ಗಳಿಸಿದ ಅವರು 2001ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಮುಂಬಯಿಯ ‘ಸ್ಪ್ಯಾರೋ’ ಸಂಸ್ಥೆಯು ಪುಸ್ತಕವಾಗಿ ಹೊರತಂದದ್ದು ಅನಂತರ. ಆ ಪುಸ್ತಕದಲ್ಲಿ ಅವರ ರುಜುವಿರುವುದು ಸಾಧ್ಯವೇ ಇಲ್ಲ. ರುಜುವನ್ನೇ ಅರ್ಹತೆಯೆಂದು ಎಣಿಸುವ ಕಪಾಟಿನಲ್ಲಿ ಅವರಿಗೆ ಎಡೆಯೂ ಇಲ್ಲ.

ಈ ಚರ್ಚೆಗೆ ಈಗ ಅವಸರವಿದೆ. ಜಯನಗರವು 1940ರ ದಶಕದ ಕೊನೆಯಲ್ಲಿ ರೂಪುಗೊಂಡ ಬಡಾವಣೆ. ಅಧ್ಯಾಪಕರೂ ನೌಕರರೂ ಅಲ್ಲಿ ಕಟ್ಟಿಸಿದ ಮನೆಗಳು ಒಂದೊಂದಾಗಿ ಉರುಳಿ ಬಹುಮಹಡಿಯ ಕಟ್ಟಡಗಳಾಗುತ್ತಿವೆ; ಅವರ ಕಪಾಟುಗಳು ತೂಕದ ಲೆಕ್ಕದಲ್ಲಿ ಹಳೆಯ ಕಾಗದದ ಅಂಗಡಿಗೆ ಸಾಗುತ್ತವೆ. ಕಾಲೇಜಿನ ಗ್ರಂಥಾಲಯವನ್ನು ಸೇರಿದವೂ ಸುರಕ್ಷಿತವೆನ್ನಲಾಗದು. ಮೊಹರು ಬೀಳುವುದೂ, ತಾರೀಖಿನ ಚೀಟಿ ಅಂಟುವುದೂ ಒಕ್ಕಣೆಯಿರುವ ಮೊದಲ ಹಾಳೆಯ ಮೇಲೆಯೇ. ಹೊಸ ರಟ್ಟು ಹಾಕುವವನು ಆ ಹಾಳೆಯನ್ನೇ ಹರಿದೊಗೆಯುವುದೂ ಉಂಟು. ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆಯ ಮುಂದೆ ಒಕ್ಕಣೆಯನ್ನು ಅಕ್ಷರಶಃ ನಕಲು ಮಾಡಿ, ಪುಸ್ತಕ ಯಾರ ಮನೆಯಿಂದ ಬಂತೆಂಬುದನ್ನು ನಮೂದಿಸಿ, ಹಾಳೆಯ ಛಾಯಾಚಿತ್ರವೊಂದನ್ನು ತೆಗೆದಿಟ್ಟ ಮೇಲೆಯೇ ಅದನ್ನು ರಟ್ಟು ಹಾಕುವವನ ಕೈಗೆ ಕೊಡತಕ್ಕದ್ದು.