ಹೂಂ ಅಂದಿಲ್ಲ, ಉಹೂಂ ಅಂದಿಲ್ಲ

ಯಲಬುರ್ಗಾ ತಾಲೂಕಿನ ಹಿರಿಯ ರೈತರೊಬ್ಬರ ಮನೆಯಲ್ಲಿ ಪಹಣಿ, ಪಾಸ್‌ಬುಕ್ಕು ಇಡುವ ಟ್ರಂಕಿನೊಳಗೆ ಒಂದು ಪ್ಲಾಸ್ಟಿಕ್ ಚೀಲವಿದೆ. ಅದರ ತುಂಬ ಮನವಿಪತ್ರಗಳ ನಕಲು. ಹಳೆಯವು ಕೈಬರಹದವು, ನಡುವಿನವು ಟೈಪು, ಈಚಿನವು ಡಿಟಿಪಿ. ಕೆರೆ ತುಂಬಿಸಿ, ಬೆಳೆವಿಮೆ ಕೊಡಿ, ಕೃಷ್ಣೆಯ ನೀರು ಹರಿಸಿ, ಬಸ್ಸು ಬಿಡಿ. ಎಲ್ಲದರ ಮೂಲೆಯಲ್ಲೂ ಆವಕ ಶಾಖೆಯ ನೇರಳೆ ಸೀಲು, ತಾರೀಖು, ಓದಲು ಬಾರದ ಒಂದು ಸಹಿ. ‘ಎಷ್ಟಕ್ಕೆ ಉತ್ತರ ಬಂದಿದೆ?’ ಎಂದು ಕೇಳಿದೆ. ‘ಸೀಲ್ ಅಂತೂ ಎಲ್ಲಾದಕ್ಕೂ ಹೊಡದಾರ ತಮ್ಮಾ. ಹೂಂ ಅಂದಿಲ್ಲ, ಉಹೂಂ ಅಂತನೂ ಅಂದಿಲ್ಲ’ ಎಂದು ಅವರು ಚೀಲದ ಬಾಯಿ ಕಟ್ಟಿದರು.

ಸರ್ಕಾರದ ಮೇಲೆ ಜನರಿಗಿರುವ ಸಿಟ್ಟನ್ನು ನಾವು ಚುನಾವಣೆಯ ಫಲಿತಾಂಶದಲ್ಲಿ ಹುಡುಕುತ್ತೇವೆ. ಅದು ಐದು ವರ್ಷಕ್ಕೊಮ್ಮೆ ಸಿಗುವ ಲೆಕ್ಕ. ನಡುವಿನ ದಿನಗಳ ಲೆಕ್ಕ ಇರುವುದು ಇಂಥ ಚೀಲಗಳಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನ ತಮ್ಮ ನೋವನ್ನು ಆಳುವವರಿಗೆ ಮುಟ್ಟಿಸಲು ಹೆಚ್ಚಾಗಿ ನಂಬಿರುವುದು ಮನವಿಪತ್ರವನ್ನು. ಹಾಗಾಗಿ ಒಂದು ಕೃತಿಯನ್ನು ಓದುವಷ್ಟೇ ಗಮನವಿಟ್ಟು ಈ ರೂಢಿಯನ್ನೂ ಓದಬೇಕು: ಅದರ ರೂಪ ಎಂಥದು, ಬಲ ಯಾವುದು, ಅದು ಸೋಲುವುದೆಲ್ಲಿ?

ಮೊದಲು ರೂಪ. ತಾಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ಮನವಿಯ ಫೈಲು ತೆರೆದೇ ಇರುತ್ತದೆ. ಮೇಲ್ಗಡೆ ಸಂಘಟನೆಯ ಹೆಸರು. ಕೆಳಗೆ ‘ಇವರಿಗೆ, ಮಾನ್ಯ ಮುಖ್ಯಮಂತ್ರಿಗಳು, ವಿಧಾನಸೌಧ, ಬೆಂಗಳೂರು’. ಅದರ ಕೆಳಗೆ ‘ಮಾನ್ಯ ತಹಶೀಲ್ದಾರರ ಮುಖಾಂತರ’. ‘ವಿಷಯ’ ಎಂಬ ಸಾಲಷ್ಟೇ ಹೊಸದು. ‘ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ ‘ಇಲ್ಲವಾದಲ್ಲಿ ಮುಂದಿನ ದಿನಗಳಲ್ಲಿ ಉಗ್ರ ಹೋರಾಟ ಹಮ್ಮಿಕೊಳ್ಳಲಾಗುವುದು’ ಎಂದು ಮುಗಿಯುತ್ತದೆ. ಜನ ಬಸ್ ನಿಲ್ದಾಣದಿಂದ ಘೋಷಣೆ ಕೂಗುತ್ತ ಬರುತ್ತಾರೆ. ತಹಶೀಲ್ದಾರರು ಮೀಟಿಂಗಿನಲ್ಲಿದ್ದರೆ ಗ್ರೇಡ್-2 ತಹಶೀಲ್ದಾರರೋ ಶಿರಸ್ತೇದಾರರೋ ಹೊರಗೆ ಬಂದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಒಬ್ಬರು ಮನವಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಕಾಗದದ ಎರಡೂ ಅಂಚನ್ನು ಎರಡೂ ಕಡೆಯವರು ಹಿಡಿದು ಫೋಟೊಗೆ ನಿಲ್ಲುತ್ತಾರೆ. ‘ಮೇಲಧಿಕಾರಿಗಳ ಗಮನಕ್ಕೆ ತರುತ್ತೇವೆ’ ಎಂಬ ಮಾತಿನೊಂದಿಗೆ ಎಲ್ಲ ಮುಗಿಯುತ್ತದೆ.

ಈ ರೂಢಿಯ ಗುಣವನ್ನು ಮೊದಲು ಹೇಳಬೇಕು, ಅದು ಸಣ್ಣದಲ್ಲ. ಓದು ಬರಹ ಬಾರದ ಹೆಣ್ಣುಮಗಳೂ ಹೆಬ್ಬೆಟ್ಟು ಒತ್ತಿ ಮುಖ್ಯಮಂತ್ರಿಯನ್ನು ಉದ್ದೇಶಿಸಿ ಮಾತಾಡಬಲ್ಲ ದಾರಿ ಇದೊಂದೇ. ಆಶಾ ಕಾರ್ಯಕರ್ತೆಯರು, ಹಾಸ್ಟೆಲ್ ಹುಡುಗರು, ಭತ್ತ ಬೆಳೆಗಾರರು, ಕೂಲಿಗಳು ಎಲ್ಲರೂ ಒಂದೇ ಮೆಟ್ಟಿಲ ಮುಂದೆ ನಿಲ್ಲುತ್ತಾರೆ. ಕಲ್ಲು ತೂರದೆ, ಬೆಂಕಿ ಹಚ್ಚದೆ ಸಿಟ್ಟನ್ನು ಕಾಗದಕ್ಕೆ ಇಳಿಸುವ ಈ ಸಂಯಮಕ್ಕೆ ಸರ್ಕಾರ ಋಣಿಯಾಗಿರಬೇಕು.

ಮನವಿಗೆ ಗೆದ್ದ ಚರಿತ್ರೆಯೂ ಇದೆ. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ, ಜೆ.ಎಚ್. ಪಟೇಲರ ಕಾಲದಲ್ಲಿ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹಿಡಿದ ಹಟ, 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ 371(ಜೆ) ವಿಧಿಯಾಗಿ ಸಂವಿಧಾನ ಸೇರಿತು. ಈ ಎರಡೂ ಗೆಲುವುಗಳಲ್ಲಿ ಬೇಡಿಕೆ ಒಂದೇ ಆಗಿತ್ತು, ಅದನ್ನು ಈಡೇರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಕೇಳುವವರಿಗೆ ಗೊತ್ತಿತ್ತು. ಸೋತ ಮನವಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಗಂಗಾವತಿಯ ಕಡೆ ನೋಡೋಣ. ಭತ್ತದ ಕಣಜ ಎನಿಸಿಕೊಂಡ ಈ ನೆಲದ ಜೀವ ತುಂಗಭದ್ರಾ ಎಡದಂಡೆ ಕಾಲುವೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಹಿಡಿಯುತ್ತದೆ. ಕಳೆದುಹೋದ ನೀರಿಗೆ ಬದಲಿಯಾಗಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತಿದೆ. 2022ರ ಬಜೆಟ್‌ನಲ್ಲಿ ಬಿಜೆಪಿ ಸರ್ಕಾರ ಅದಕ್ಕೆ 1,000 ಕೋಟಿ ರೂಪಾಯಿ ಘೋಷಿಸಿತು; ಮುಂದೆ ಬಂದ ಕಾಂಗ್ರೆಸ್ ಸರ್ಕಾರವೂ ಬಜೆಟ್‌ನಲ್ಲಿ ಅದರ ಹೆಸರು ಹೇಳಿತು. ಆಂಧ್ರ, ತೆಲಂಗಾಣ ಒಪ್ಪದೆ ಒಂದು ಬುಟ್ಟಿ ಮಣ್ಣೂ ಏಳುವಂತಿಲ್ಲ. ಇಷ್ಟರಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು, ನಾಡು ನಿಟ್ಟುಸಿರು ಬಿಟ್ಟಿತು. ಆದರೆ ಎಲ್ಲ 33 ಗೇಟುಗಳನ್ನೂ ಬದಲಿಸಬೇಕಾಗಿ ಬಂದು, 2025-26ರ ಎರಡನೇ ಬೆಳೆಗೆ ಕಾಲುವೆಯ ನೀರಿಲ್ಲ ಎಂಬ ತೀರ್ಮಾನವಾಯಿತು.

ಗೇಟು ಇರುವುದು ಕೇಂದ್ರ ನೇಮಿಸುವ ಅಧ್ಯಕ್ಷರ ತುಂಗಭದ್ರಾ ಮಂಡಳಿಯ ಕೈಯಲ್ಲಿ. ಎಡದಂಡೆ ಕಾಲುವೆ ಕರ್ನಾಟಕ ನೀರಾವರಿ ನಿಗಮದ್ದು. ನೀರು ಯಾವಾಗ ಬಿಡಬೇಕೆಂದು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿ. ಬೆಳೆ ಕಳೆದುಕೊಂಡ ರೈತ ಮಾತ್ರ ಮನವಿ ಕೊಡುವುದು ತಹಶೀಲ್ದಾರರಿಗೆ! ಅವರು ಕಾಗದ ಸಾಗಿಸಬಲ್ಲರು, ನೀರು ಸಾಗಿಸಲಾರರು. ಮೂರು ಮನೆಗಳಿಗೆ ಹಂಚಿಹೋದ ಹೊಣೆ ಯಾವ ಮನೆಯಲ್ಲೂ ಉಳಿಯುವುದಿಲ್ಲ.

ಕುಷ್ಟಗಿ, ಯಲಬುರ್ಗಾಕ್ಕೆ ಬರೋಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಈ ಎರಡನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿಟ್ಟಿತು. ಕೃಷ್ಣೆಯ ನೀರನ್ನು ಎತ್ತಿ ಈ ಒಣನೆಲಕ್ಕೆ ತರುವ ಕೊಪ್ಪಳ ಏತ ನೀರಾವರಿಯನ್ನು ಜನ ಇಂದಿಗೂ ‘ಬಿ ಸ್ಕೀಂ’ ಎಂದೇ ಕರೆಯುತ್ತಾರೆ. 2013ರ ಜನವರಿಯಲ್ಲಿ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಹೊಸಪೇಟೆಯಿಂದ ಕೂಡಲಸಂಗಮದವರೆಗೆ ಪಾದಯಾತ್ರೆ ಮಾಡಿ, ಅಧಿಕಾರಕ್ಕೆ ಬಂದರೆ ನೀರಾವರಿಗೆ ವರ್ಷಕ್ಕೆ 10,000 ಕೋಟಿ ರೂಪಾಯಿ ಎಂದು ಮಾತು ಕೊಟ್ಟಿತು. ಅಂದು ಸಿದ್ದರಾಮಯ್ಯನವರೂ ಈ ಬಿಸಿಲಲ್ಲಿ ನಡೆದ ಮನವಿದಾರರೇ. ಆಮೇಲೆ ಅವರೂ ಆಳಿದರು, ಬಿಜೆಪಿಯವರೂ ಆಳಿದರು. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಕೊಟ್ಟ ತೀರ್ಪಿನ ಅಧಿಸೂಚನೆ ಸುಪ್ರೀಂ ಕೋರ್ಟಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ, ಆಲಮಟ್ಟಿ ಅಣೆಕಟ್ಟೆಯ ಎತ್ತರ 519.60ರಿಂದ 524.256 ಮೀಟರಿಗೆ ಏರಬೇಕಿದೆ, ಮುಳುಗಡೆಯ ಜಮೀನಿಗೆ ಪರಿಹಾರ ಕೊಡಬೇಕಿದೆ. ಇವೆಲ್ಲ ನಿಜವಾದ ತೊಡಕುಗಳೇ. ವೇದಿಕೆಯ ಮೇಲೆ ಮಾತು ಕೊಡುವ ದಿನ ಮಾತ್ರ ಇವನ್ನು ಯಾರೂ ಹೇಳಲಿಲ್ಲ. ಕೆಲಸ ತಡವಾಯಿತೆಂಬ ನೋವಿಗಿಂತ, ತಡವಾಗುವುದು ಗೊತ್ತಿದ್ದೂ ತಮಗೆ ಹೇಳಲಿಲ್ಲ ಎಂಬ ನೋವೇ ಜನರಿಗೆ ಹೆಚ್ಚು.

ಇನ್ನು ಕೊಪ್ಪಳ. ಗಿಣಿಗೇರಿ, ಹಿರೇಬಗನಾಳ, ಅಲ್ಲಾನಗರದ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಕಟ್ಟೆಯ ಮೇಲೆ ಕೈಯಾಡಿಸಿದರೆ ಅಂಗೈ ಕಪ್ಪಾಗುತ್ತದೆ. ಒಣಹಾಕಿದ ಬಿಳಿ ಪಂಚೆಯನ್ನು ಕೊಡವಿಯೇ ಮಡಚಬೇಕು. ಸ್ಪಾಂಜ್ ಐರನ್ ಕಾರ್ಖಾನೆಗಳ ಹೊಗೆ ತಿಂದ ಈ ಜನಕ್ಕೆ, 2025ರ ಫೆಬ್ರುವರಿಯಲ್ಲಿ ಬಲ್ದೋಟ ಸಮೂಹದ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಯ ಸುದ್ದಿ ಸಿಡಿಲಿನಂತೆ ಬಂತು. ಫೆಬ್ರುವರಿ 24ರಂದು ಊರಿಗೆ ಊರೇ ಅಂಗಡಿ ಮುಚ್ಚಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಜೊತೆ ಬೀದಿಗಿಳಿಯಿತು. ಪಕ್ಷ ಮರೆತು ಜನಪ್ರತಿನಿಧಿಗಳೂ ಬಂದರು. ಮಾರ್ಚ್ ಮೊದಲ ವಾರ ಸರ್ವಪಕ್ಷ ನಿಯೋಗ ಮನವಿ ಕೊಟ್ಟಾಗ, ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿ ಸೂಚಿಸಿದರು. ಒಂದೇ ಬೇಡಿಕೆ, ಸರಿಯಾದ ವಿಳಾಸ, ಇಡೀ ಊರಿನ ದನಿ: ಈ ಜಿಲ್ಲೆ ಬರೆದ ಅತ್ಯುತ್ತಮ ಮನವಿ ಅದು. ಅದಕ್ಕೂ ಸಿಕ್ಕಿದ್ದು ಬಾಯಿಮಾತು. ಜನ ಕಾಯುತ್ತಿದ್ದುದು ಅನುಮತಿ ರದ್ದಾಗಿದೆ ಎಂಬ ಬರಹದ ಆದೇಶಕ್ಕೆ. ವರ್ಷದ ಕೊನೆಯ ಹೊತ್ತಿಗೆ ಕೊಪ್ಪಳದವರು ನಗರಸಭೆಯ ಎದುರು ಮತ್ತೆ ಧರಣಿ ಕೂತದ್ದು ಇದೇ ಕಾರಣಕ್ಕೆ.

ನನ್ನ ತಕರಾರು ಇಲ್ಲೇ ಇದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವನಿಗೆ 2012ರಿಂದ ‘ಸಕಾಲ’ದ ನಂಬರು ಸಿಗುತ್ತದೆ, ಗಡುವು ಸಿಗುತ್ತದೆ, ತಡವಾದರೆ ಮೇಲ್ಮನವಿಗೆ ದಾರಿ ಇದೆ. 2023ರ ಸೆಪ್ಟೆಂಬರಿನಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಜನತಾ ದರ್ಶನ ನಡೆಯಿತು; ಪಿಂಚಣಿ, ಪೋಡಿ, ಹೊಲದ ದಾರಿಯಂಥ ಒಬ್ಬೊಬ್ಬರ ತೊಂದರೆಗೆ ಅಂಥದ್ದರಿಂದ ನೆರವಾಗಿರುವುದನ್ನು ಅಲ್ಲಗಳೆಯಲಾರೆ. ಆದರೆ ಒಬ್ಬನ ಅರ್ಜಿಗಿರುವ ಬೆಲೆ ಸಾವಿರ ಜನ ಸಹಿ ಹಾಕಿದ ಮನವಿಗಿಲ್ಲ. ಅದಕ್ಕೆ ಗಡುವಿಲ್ಲ, ಹಿಂಬರಹವಿಲ್ಲ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಬೆನ್ನುಹತ್ತಲು ವಿಧಾನಮಂಡಲದಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಕುಷ್ಟಗಿಯ ಮೈದಾನದಲ್ಲಿ ಅದೇ ಸಚಿವರು ಅದೇ ಮಾತು ಕೊಟ್ಟರೆ ಅದನ್ನು ಬರೆದಿಟ್ಟುಕೊಳ್ಳುವವರು ಯಾರೂ ಇಲ್ಲ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂದೇ ಹಾಳೆಯಲ್ಲಿ ಹದಿನೆಂಟು ಬೇಡಿಕೆ ತುರುಕುತ್ತೇವೆ. ಹದಿನೆಂಟು ಇಲಾಖೆಗಳಿಗೆ ಸೇರಿದ ಕಾಗದ ಯಾವ ಇಲಾಖೆಗೂ ಸೇರದು. ‘ಉಗ್ರ ಹೋರಾಟ’ ಎಂದು ಬರೆದು ಊರಿಗೆ ಮರಳುತ್ತೇವೆ. ಎರಡನೇ ಸಲ ಆ ಮಾತಿಗೆ ಯಾರೂ ಹೆದರುವುದಿಲ್ಲ. ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂದರೆ ಕೆಲಸವಾಯಿತೆಂದು ತಿಳಿಯುತ್ತೇವೆ. ನಮ್ಮ ಮನವಿ ತಹಶೀಲ್ದಾರರ ಮೇಜಿನಿಂದ ಎಲ್ಲಿಗೆ ಹೋಯಿತೆಂದು ಜಾವಕ ನಂಬರು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಈ ರೂಢಿಯನ್ನು ಬಿಡಬೇಕಿಲ್ಲ, ಬಿಗಿಗೊಳಿಸಬೇಕು. ಒಂದು ಮನವಿಗೆ ಒಂದೇ ಪ್ರಶ್ನೆ ಇರಲಿ. ಆ ಪ್ರಶ್ನೆಗೆ ಉತ್ತರಿಸಬಲ್ಲ ಕಚೇರಿಯ ಹೆಸರಿರಲಿ: ನೀರಿಗೆ ಮುನಿರಾಬಾದಿನ ನೀರಾವರಿ ಕಚೇರಿ, ಹೊಗೆಗೆ ಮಾಲಿನ್ಯ ನಿಯಂತ್ರಣ ಮಂಡಳಿ. ಉತ್ತರ ಬರಬೇಕಾದ ತಾರೀಖನ್ನು ನಾವೇ ಬರೆಯೋಣ. ಗ್ರಾಮಸಭೆಯ ನಡಾವಳಿಯಲ್ಲಿ ಅದು ಠರಾವಾಗಿ ದಾಖಲಾಗಲಿ. ವಿಧಾನಸಭೆಗೆ ಅರ್ಜಿಗಳ ಸಮಿತಿಯೇ ಇದೆ. ನಮ್ಮ ನಾಲ್ಕೂ ಊರಿನ ಶಾಸಕರು ಕ್ಷೇತ್ರದ ಮನವಿಗಳನ್ನು ಅಲ್ಲಿಗೆ ಒಯ್ದು ಮಂಡಿಸಲಿ.

ಸರ್ಕಾರದಿಂದ ಕೇಳಬೇಕಾದದ್ದು ಒಂದೇ: ನೂರು ಜನ ಸಹಿ ಹಾಕಿದ ಯಾವುದೇ ಮನವಿಗೆ ಗೊತ್ತಾದ ಅವಧಿಯೊಳಗೆ ಬರಹದಲ್ಲಿ ಹಿಂಬರಹ. ಆಗುತ್ತದೆ ಎಂದರೆ ಯಾವಾಗ? ಆಗುವುದಿಲ್ಲ ಎಂದರೆ ಯಾಕೆ? ‘ಉಹೂಂ’ ಎಂಬ ಉತ್ತರಕ್ಕೆ ಅಂಜಬೇಕಿಲ್ಲ. ಎರಡನೇ ಬೆಳೆಗೆ ನೀರಿಲ್ಲ ಎಂದು ಬೇಗ ತಿಳಿದರೆ ರೈತ ಬೀಜಕ್ಕೆ, ಸಸಿಮಡಿಗೆ ಹಾಕುವ ಹಣ ಉಳಿಸಿಕೊಳ್ಳುತ್ತಾನೆ, ಬೇರೆ ಬೆಳೆಯ ವಿಚಾರ ಮಾಡುತ್ತಾನೆ. ಹೂಂ ಕೂಡ ಇಲ್ಲದ, ಉಹೂಂ ಕೂಡ ಇಲ್ಲದ ಮೌನದಲ್ಲಿ ಅವನು ಸಾಲ ಮಾಡಿ ಕಾಯುತ್ತಾನೆ.

ಯಲಬುರ್ಗಾದ ಆ ಹಿರಿಯರು ಚೀಲವನ್ನು ಎಸೆದಿಲ್ಲ, ಪಹಣಿಯ ಜೊತೆಗೇ ಇಟ್ಟಿದ್ದಾರೆ. ಪಹಣಿ ಹೊಲದ ಹಕ್ಕಿನ ದಾಖಲೆ. ಮನವಿಯ ನಕಲೂ ತಮ್ಮ ಹಕ್ಕಿನದೇ ದಾಖಲೆ ಎಂದು ಅವರು ತಿಳಿದಿದ್ದಾರೆ. ಅವರ ತಿಳಿವಳಿಕೆ ಸರಿ. ಆ ಸೀಲಿನ ಪಕ್ಕದಲ್ಲಿ ಒಂದು ಸಾಲು ಉತ್ತರ ಬರೆಯುವವರೆಗೆ, ಯಾವ ಪಕ್ಷ ಆಳಿದರೂ, ಸರ್ಕಾರ ಅವರ ಬಾಕಿದಾರನೇ.