ಚಕ್ರವನ್ನು ಮಗುಚಿ ನೋಡಿ

ಕಾರಿನ ಹಳೆ ಅಲಾಯ್ ಚಕ್ರಗಳ ಸೆಟ್ಟಿಗೆ ಬೆಲೆ ಕಟ್ಟುವ ಬಗೆಯನ್ನು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ನನ್ನದೇ ಸೆಟ್ಟು ಮಾರಾಟಕ್ಕೆ ಬಂತು. ಸ್ವಿಫ್ಟ್ ಕಾರು ಹೋಯಿತು, ಅದಕ್ಕೆ ಹೊರಗಿನಿಂದ ಕೊಂಡು ಹಾಕಿಸಿದ್ದ ಹದಿನೈದು ಇಂಚಿನ ನಾಲ್ಕು ಚಕ್ರಗಳು ಸೇಲಂನ ನಮ್ಮ ಮನೆಯ ಜಗಲಿಯಲ್ಲಿ ಉಳಿದವು.

ಕೊಳ್ಳಲು ಬಂದವನು ಧರ್ಮಪುರಿ ಕಡೆಯ ಹುಡುಗ. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಬಂದವನೇ ಚಕ್ರದ ಮುಖದ ಮೇಲೆ ಕೈಯಾಡಿಸಿದ. “ಶೈನಿಂಗ್ ಚೆನ್ನಾಗದೆ ಅಣ್ಣಾ, ಎಷ್ಟಕ್ಕೆ ಕೊಡ್ತೀರ?”

“ಮೊದಲು ಮಗುಚಿ ಹಾಕಪ್ಪಾ,” ಎಂದೆ.

ಚಕ್ರದ ಮುಖ ಅಂಗಡಿಯವನಿಗೆ ಸೇರಿದ್ದು, ಬೆನ್ನು ಕೊಳ್ಳುವವನಿಗೆ. ಬ್ರೇಕಿನ ಕರಿ ಪುಡಿ ಒರೆಸಿದರೆ ಅಲ್ಲಿ ಉಬ್ಬಕ್ಷರ ಕಾಣುತ್ತದೆ: 15×6 ಜೆ, 4–100, ಇಟಿ 40, ಜೆಡಬ್ಲ್ಯೂಎಲ್. ಇಷ್ಟು ಸಲ ಓದಿಯೂ ನನಗೆ ಬೇಸರ ಬಾರದ ಸಾಲು ಇದು. ಹದಿನೈದು ಇಂಚು ವ್ಯಾಸ, ಆರು ಇಂಚು ಅಗಲ, 100 ಮಿಲಿಮೀಟರ್ ವೃತ್ತದಲ್ಲಿ ನಾಲ್ಕು ಬೋಲ್ಟು, 40 ಮಿಲಿಮೀಟರ್ ಆಫ್‌ಸೆಟ್, ಕೊನೆಗೆ ಜಪಾನಿನ ಅಲಾಯ್ ಚಕ್ರ ಮಾನದಂಡದ ಗುರುತು. ಫೋರ್ಡ್ ಫಿಗೋದ ಬೋಲ್ಟುಗಳು 108 ಮಿಲಿಮೀಟರ್ ವೃತ್ತದಲ್ಲಿ ಕೂತಿವೆ, ಸ್ವಿಫ್ಟ್‌ನವು 100ರಲ್ಲಿ. ಎಂಟು ಮಿಲಿಮೀಟರ್ ಬರಿಗಣ್ಣಿಗೆ ತಿಳಿಯುವುದಿಲ್ಲ. ಹೋಂಡಾ ಸಿಟಿಯದೂ 100ರ ವೃತ್ತವೇ, ಆದರೆ ಚಕ್ರದ ನಡುತೂತು ಕೂರುವ ಅದರ ಹಬ್ 56.1 ಮಿಲಿಮೀಟರ್, ಸ್ವಿಫ್ಟ್‌ನದು 54.1. ಸ್ವಿಫ್ಟ್‌ನ ಕಂಪನಿ ಚಕ್ರವನ್ನು ಅದಕ್ಕೆ ಹಾಕಹೋದರೆ ಹಬ್ಬಿನ ಮೇಲೆ ಕೂರುವುದೇ ಇಲ್ಲ.

ಮಾರುವ ಮುಂಚೆ ಬಣ್ಣ ಹೊಡೆಸುವವರ ಜೊತೆ ನನ್ನ ಜಗಳ ಹಳೆಯದು. “ಪೌಡರ್ ಕೋಟಿಂಗ್ ಮಾಡಿಸಿ, ರೇಟು ಏರುತ್ತದೆ” ಎನ್ನುತ್ತಾರೆ. ಏರುತ್ತದೆ, ನಿಜ. ಬಣ್ಣದ ಅಡಿಯಲ್ಲಿ ಆರ್ಗಾನ್ ವೆಲ್ಡಿಂಗ್ ಇದ್ದರೂ ಏರುತ್ತದೆ. ಎಷ್ಟೋ ವರ್ಷದ ಹಿಂದೆ ಅಂಥದೊಂದು ಚಕ್ರ ಕೊಂಡು ತಂದಿದ್ದೆ. ಏರ್ಕಾಡಿನ ಇಪ್ಪತ್ತು ಹೇರ್‌ಪಿನ್ ತಿರುವುಗಳನ್ನು ಇಳಿಯುವಷ್ಟರಲ್ಲಿ ಗಾಳಿ ಪೂರ್ತಿ ಹೋಗಿತ್ತು. ಟೈರು ಬಿಚ್ಚಿದರೆ ಒಳಮೈಯಲ್ಲಿ ಬೆರಳುದ್ದದ ವೆಲ್ಡಿಂಗ್, ಅದರ ಪಕ್ಕದಲ್ಲೇ ಹೊಸ ಬಿರುಕು.

ಬಿರುಕು ಪಕ್ಕದಲ್ಲೇ ಬರುವುದಕ್ಕೆ ಕಾರಣವಿದೆ. ಈ ಚಕ್ರಗಳ ಅಲ್ಯುಮಿನಿಯಂನಲ್ಲಿ ನೂರಕ್ಕೆ ಸುಮಾರು ಏಳು ಪಾಲು ಸಿಲಿಕಾನ್, ಅರ್ಧ ಪಾಲಿಗೂ ಕಡಿಮೆ ಮೆಗ್ನೀಸಿಯಂ. ಎರಕ ಹೊಯ್ದ ಮೇಲೆ 540 ಡಿಗ್ರಿಯ ಹತ್ತಿರಕ್ಕೆ ಕಾಯಿಸಿ, ತಟ್ಟನೆ ನೀರಲ್ಲಿ ತಣಿಸಿ, ಮತ್ತೆ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆಗ ಮೆಗ್ನೀಸಿಯಂ, ಸಿಲಿಕಾನ್ ಸೇರಿ ಕಣ್ಣಿಗೆ ಕಾಣದ ಕಣಗಳಾಗಿ ಲೋಹಕ್ಕೆ ಬಿಗಿ ಬರುತ್ತದೆ. ವೆಲ್ಡಿಂಗಿನ ಬೆಂಕಿ ಅಕ್ಕಪಕ್ಕದ ಆ ಬಿಗಿಯನ್ನು ಕರಗಿಸಿಬಿಡುತ್ತದೆ.

ಹುಡುಗನಿಗೆ ಇದನ್ನು ಹೇಳುತ್ತಾ ಬೆಲೆಯ ಮಾತು ಮರೆತೇಬಿಟ್ಟೆ. ಯಾಕೆಂದರೆ ಈ ಲೋಹದ ಕಥೆ ನಮ್ಮೂರಿನದೂ ಹೌದು. ಏರ್ಕಾಡಿನ ಬೆಟ್ಟದಿಂದ, ಕೊಲ್ಲಿಮಲೆಯಿಂದ ಬಾಕ್ಸೈಟ್ ಅಗೆದು ಲಾರಿಗಳಲ್ಲಿ ಮೇಟ್ಟೂರಿಗೆ ತರುತ್ತಿದ್ದರು. ಅಲ್ಲಿ ಮದ್ರಾಸ್ ಅಲ್ಯುಮಿನಿಯಂ ಕಂಪನಿ 1960ರ ದಶಕದಿಂದ ಅದನ್ನು ಲೋಹವಾಗಿಸುತ್ತಿತ್ತು. 2008ರಲ್ಲಿ ಆ ಕುಲುಮೆ ಆರಿತು. ಇನ್ನು ಸೇಲಂನ ಬಿಳಿ ಗುಡ್ಡಗಳು ಮ್ಯಾಗ್ನೆಸೈಟ್, ಮೆಗ್ನೀಸಿಯಂ ಅಡಗಿರುವ ಕಲ್ಲು. ನಮ್ಮದು ಹೆಚ್ಚಾಗಿ ಕುಲುಮೆಯ ಇಟ್ಟಿಗೆಗೆ ಹೋಯಿತು, ಚಕ್ರಕ್ಕಲ್ಲ. ಆದರೆ ಹಿಂದೆ ರೇಸಿನ ಕಾರುಗಳಿಗೆ ಮೆಗ್ನೀಸಿಯಂನಲ್ಲೇ ಚಕ್ರ ಹೊಯ್ಯುತ್ತಿದ್ದರು. ಹಳೆ ಮೆಕ್ಯಾನಿಕ್‌ಗಳ ಬಾಯಲ್ಲಿ ಅಲ್ಯುಮಿನಿಯಂ ಚಕ್ರ ಇಂದಿಗೂ ‘ಮ್ಯಾಗ್ ವೀಲ್’ ಆಗಿ ಉಳಿದದ್ದು ಹಾಗೆ. ಏರ್ಕಾಡಿನ ರಸ್ತೆಯಲ್ಲಿ ಹೋಗುವಾಗಲೆಲ್ಲ ಈ ಎರಡೂ ಕಲ್ಲು ನನಗೆ ನೆನಪಾಗುತ್ತವೆ.

ಹುಡುಗ ಕಾಯುತ್ತಿದ್ದ. ಟೈರು ಬಿಚ್ಚಿಸಿ ತಂದಿದ್ದ ರಿಮ್ಮುಗಳ ಒಳಮೈಗೆ ಸೀಮೆಎಣ್ಣೆ ಸವರಿದೆ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿದೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ ಪುಡಿಯನ್ನು ಒದ್ದೆ ಮಾಡುತ್ತದೆ. ಮೂರು ಚಕ್ರ ಬೆಳ್ಳಗೇ ಉಳಿದವು. ನಾಲ್ಕನೆಯದರ ಒಳಂಚಿನಲ್ಲಿ, ಕೂದಲೆಳೆಯ ಹಾಗೆ, ಕಪ್ಪು ಗೆರೆ ನಿಧಾನವಾಗಿ ಮೂಡಿತು.

“ವೆಲ್ಡಿಂಗ್ ಮಾಡಿಸ್ಕೊಂಡ್ರಾಯ್ತು ಬಿಡಿ ಅಣ್ಣಾ. ರೇಟು ಮಾತ್ರ ಇಳಿಸಿ.”

“ನೀನು ದಿನಾ ತೊಪ್ಪೂರು ಘಾಟಿ ಇಳಿದು ಬರೋನು. ಮುಂದೊಂದು ಲಾರಿ, ಹಿಂದೊಂದು ಲಾರಿ. ಈ ಚಕ್ರ ನಿನಗೆ ಕೊಡೋದಿಲ್ಲಪ್ಪಾ.”

ನಾಲ್ಕಿದ್ದರೇ ಸೆಟ್ಟು, ಮೂರಕ್ಕೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ ಎಂಬುದು ನಮ್ಮ ಕಡೆಯ ವ್ಯಾಪಾರದ ಲೆಕ್ಕ. ಆ ಲೆಕ್ಕಕ್ಕೆ ಹೆದರಿಯೇ ಜನ ಬಿರುಕಿಗೆ ಬಣ್ಣ ಬಳಿಯುತ್ತಾರೆ. ಹುಡುಗ ಒಂದು ಗಳಿಗೆ ಯೋಚಿಸಿದ. ಚಕ್ರದ ಬೆನ್ನಿನ ಉಬ್ಬಕ್ಷರದ ಫೋಟೊ ತೆಗೆದುಕೊಂಡ. “ಮೂರು ಕೊಡಿ. ಇದೇ ಡಿಸೈನು, ಇದೇ ನಂಬರು ಹೊಸೂರಲ್ಲಿ ಹುಡುಕ್ತೀನಿ,” ಎಂದ. ಬಿಡಿ ಲೆಕ್ಕದಲ್ಲಿ ಮೂರಕ್ಕೆ ದುಡ್ಡು ಎಣಿಸಿದ. ನಾನು ಚೌಕಾಸಿ ಮಾಡಲಿಲ್ಲ.

ನಾಲ್ಕನೆಯದನ್ನು ಮರುದಿನ ಗುಜರಿಗೆ ಒಯ್ದೆ. ಇಡಿಯಾಗಿ ಕೊಟ್ಟರೆ ನಾಳೆ ಇನ್ಯಾರದೋ ಕಾರಿಗೆ ಏರುತ್ತದೆ. ಬಿರುಕಿನ ಮೇಲೆಯೇ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗ್ರೈಂಡರ್ ಹಾಕಿಸಿ ಎರಡು ತುಂಡು ಮಾಡಿಸಿ, ಆಮೇಲೆ ತಕ್ಕಡಿಗೆ ಇಡಲು ಬಿಟ್ಟೆ.